ಯಂತ್ರಕ್ಕೆ ಅನುದಾನವಿದೆ, ಪಕ್ಕದಲ್ಲಿ ನಿಲ್ಲುವ ಮನುಷ್ಯನಿಗಿಲ್ಲ: ಚಿತ್ರದುರ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಚಿತ್ರದುರ್ಗ ಜಿಲ್ಲೆ, ಚಿತ್ರದುರ್ಗ.

ವಿಷಯ: ಬೌದ್ಧಿಕ ಹಾಗೂ ಬೆಳವಣಿಗೆಯ ವಿಕಲತೆಯುಳ್ಳ ವಯಸ್ಕರ ಉದ್ಯೋಗಕ್ಕಾಗಿ ಜಿಲ್ಲಾ ಮಟ್ಟದಲ್ಲಿ ಅನುದಾನ ಒದಗಿಸುವ ಕುರಿತು.

ಮಾನ್ಯರೇ,

ನಾನು ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದ ಶಿಕ್ಷಕ. ನನ್ನ ಮಗನಿಗೆ ಈಗ 26 ವರ್ಷ. ಅವನಿಗೆ ಹುಟ್ಟಿನಿಂದ ಡೌನ್ ಸಿಂಡ್ರೋಮ್ ಇದೆ. ಸಾವಿರಾರು ಮಕ್ಕಳಿಗೆ ಬೀಜಗಣಿತ ಹೇಳಿಕೊಟ್ಟ ಮೇಷ್ಟ್ರ ಮಗ ಆರರ ಆಚೆ ಎಣಿಸಲಾರ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಪತ್ರದ ವಿಚಾರವೆಲ್ಲ ಆ ಆರು ಮತ್ತು ಹನ್ನೆರಡರ ನಡುವೆಯೇ ಇದೆ.

ಹದಿನೆಂಟು ವರ್ಷದವರೆಗೆ ನಮ್ಮಂಥ ಮಕ್ಕಳಿಗೆ ಕಷ್ಟಪಟ್ಟರೆ ಒಂದು ದಾರಿ ಸಿಗುತ್ತದೆ. ವಿಶೇಷ ಶಾಲೆ ಇರುತ್ತದೆ, ಫಿಸಿಯೋಥೆರಪಿ ಇರುತ್ತದೆ, ದಾವಣಗೆರೆಯಲ್ಲಿ ವಿಕಲಚೇತನರ ಪುನರ್ವಸತಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ, ಬಸ್ ಪಾಸ್ ಇದೆ. ಹದಿನೆಂಟು ತುಂಬಿದ ಮಾರನೆಯ ದಿನದಿಂದ ಅವನು ಮನೆಯ ಜಗಲಿಯ ಮೇಲೆ ಕೂತವನು. ಜೊತೆಯ ಹುಡುಗರು ಐಟಿಐಗೆ, ಗಾರೆ ಕೆಲಸಕ್ಕೆ, ಬೆಂಗಳೂರಿಗೆ ಹೋದರು. ಇವನು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಎಲ್ಲಿಗೂ ಹೋಗದೆ ಬಾಗಿಲಲ್ಲಿ ನಿಲ್ಲುತ್ತಿದ್ದ. ಬೀದಿಯವರು ಒಳ್ಳೆಯವರೇ, ಇಂದಿಗೂ ಅವನನ್ನು 'ದೇವರಂಥ ಮಗು' ಎನ್ನುತ್ತಾರೆ. ಮೀಸೆ ಬಂದವನನ್ನು ಮಗು ಎನ್ನುವುದರಲ್ಲಿ ಪ್ರೀತಿಯಿದೆ, ಆದರೆ ಮಗುವಿಗೆ ಯಾರೂ ಕೆಲಸ ಕೊಡುವುದಿಲ್ಲವಲ್ಲ.

ಎರಡು ವರ್ಷದ ಹಿಂದೆ ಒಂದು ಅವಕಾಶ ಬಂದಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಶೇಂಗಾ ಎಣ್ಣೆ ಮಿಲ್ಲು ನಡೆಸುತ್ತಾರೆ. ಅವರಲ್ಲಿ ಒಂದು ಲೀಟರಿನ ಎಣ್ಣೆ ಪಾಕೀಟುಗಳನ್ನು ಹನ್ನೆರಡು ಹನ್ನೆರಡರಂತೆ ರಟ್ಟಿನ ಪೆಟ್ಟಿಗೆಗೆ ತುಂಬುವ ಕೆಲಸವಿತ್ತು. "ಕಳಿಸಿ ಸರ್, ನೋಡೋಣ" ಎಂದರು. ಮೊದಲ ದಿನ ಮಗ ಒಂದು ಪೆಟ್ಟಿಗೆಗೆ ಒಂಬತ್ತು ತುಂಬಿದ, ಇನ್ನೊಂದಕ್ಕೆ ಹದಿನಾಲ್ಕು ತುರುಕಿದ. ಅಲ್ಲಿಗೆ ಮುಗಿಯಿತೆಂದೇ ನಾನು ತಿಳಿದೆ. ಆದರೆ ವಿಶೇಷ ಶಿಕ್ಷಣದ ಡಿಪ್ಲೊಮಾ ಓದುತ್ತಿದ್ದ ಹುಡುಗಿಯೊಬ್ಬಳು ತನ್ನ ತರಬೇತಿಯ ಭಾಗವಾಗಿ ಅವನೊಂದಿಗೆ ಬಂದಿದ್ದಳು. ಆಕೆ ಅವನಿಗೆ ಎಣಿಕೆ ಕಲಿಸುವ ಗೋಜಿಗೇ ಹೋಗಲಿಲ್ಲ. ಮರುದಿನ ಬಡಗಿಯ ಅಂಗಡಿಯಿಂದ ಪ್ಲೈವುಡ್ ತುಂಡುಗಳನ್ನು ತಂದು, ಮೂರು ಸಾಲು ನಾಲ್ಕು ಮನೆಗಳ ಒಂದು ಹಲಗೆ ಮಾಡಿಸಿದಳು. ಒಂದು ಮನೆಗೆ ಒಂದು ಪಾಕೀಟು. ಎಲ್ಲ ಮನೆ ತುಂಬಿದರೆ ಪೆಟ್ಟಿಗೆಗೆ ಹಾಕಬೇಕು, ಒಂದು ಮನೆ ಖಾಲಿ ಕಂಡರೂ ಹಾಕಬಾರದು. ಅಷ್ಟೇ ಪಾಠ.

ನಾನು ಬಾಗಿಲ ಬಳಿ ನಿಂತು ನೋಡಿದ್ದೇನೆ. ಆಕೆ ಮೊದಲ ಎರಡು ದಿನ ಅವನ ಕೈ ಹಿಡಿದು ಮಾಡಿಸಿದಳು. ಮೂರನೆಯ ದಿನ ಬರೀ ಬೆರಳು ತೋರಿಸಿದಳು. ಐದನೆಯ ದಿನ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಎಂಟನೆಯ ದಿನ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ತನ್ನ ರೆಕಾರ್ಡ್ ಬರೆಯುತ್ತಿದ್ದಳು. ಅವನು ಆಕೆಯ ಕಡೆ ತಿರುಗಿಯೂ ನೋಡದೆ ಪೆಟ್ಟಿಗೆ ತುಂಬುತ್ತಿದ್ದ. ಲೆಕ್ಕ ತಪ್ಪಲಿಲ್ಲ. ಒಂದು ಪಾಕೀಟು ಸೋರುತ್ತಿದ್ದುದನ್ನು ಗುರುತಿಸಿ ಪಕ್ಕಕ್ಕೆ ಇಟ್ಟವನೂ ಅವನೇ, ಅದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಹನ್ನೊಂದನೆಯ ದಿನಕ್ಕೆ ಆಕೆಯ ತರಬೇತಿ ಅವಧಿ ಮುಗಿಯಿತು. ಅದಾದ ಮೂರನೆಯ ವಾರ ಮಿಲ್ಲಿಗೆ ಅರ್ಧ ಲೀಟರಿನ ಆರ್ಡರ್ ಬಂತು, ಪೆಟ್ಟಿಗೆಗೆ ಇಪ್ಪತ್ತನಾಲ್ಕು. ಹಲಗೆಯ ಮನೆಗಳಿಗೂ ಪಾಕೀಟುಗಳಿಗೂ ಹೊಂದಿಕೆ ತಪ್ಪಿತು. ಅವನು ಗಾಬರಿಯಾದ, ಯಾರೋ ಗದರಿದರು, ಅವನು ಮೂಲೆಯಲ್ಲಿ ಕೂತು ಅತ್ತ. ಮಾಲೀಕರು ಸಂಜೆ ಸ್ವತಃ ಮನೆಗೆ ಬಂದರು. "ಹುಡುಗ ಬಂಗಾರದಂಥೋನು ಸರ್. ಆದ್ರೆ ಇಂಥದ್ದೇನಾದ್ರೂ ಆದಾಗ ಪಕ್ಕದಲ್ಲಿ ಒಬ್ರು ತಿಳಿದೋರು ಬೇಕು. ಅಂಥೋರು ನನ್ನ ಹತ್ರ ಯಾರೂ ಇಲ್ಲ" ಎಂದರು. ಅವರ ಮೇಲೆ ನನಗೆ ಬೇಸರವಿಲ್ಲ. ಇನ್ನೊಂದು ಹಲಗೆ ಮಾಡಿಸಿ, ಮತ್ತೆ ನಾಲ್ಕು ದಿನ ಪಕ್ಕದಲ್ಲಿ ನಿಲ್ಲುವವರು ಇದ್ದಿದ್ದರೆ ಅವನು ಇಂದಿಗೂ ಆ ಮಿಲ್ಲಿನಲ್ಲಿರುತ್ತಿದ್ದ. ಅವನ ನೌಕರಿಯನ್ನು ಕಳೆದದ್ದು ಅವನ ಬುದ್ಧಿಯ ಮಿತಿಯಲ್ಲ, ಆ ನಾಲ್ಕು ದಿನಗಳ ಸಂಬಳವನ್ನು ಯಾರು ಕೊಡಬೇಕೆಂಬುದು ಎಲ್ಲಿಯೂ ತೀರ್ಮಾನವಾಗಿಲ್ಲದಿರುವುದು.

ಮಾನ್ಯರೇ, ಈ ಕೆಲಸ ಮಾಡುವವರನ್ನು ಬಲ್ಲವರು ಜಾಬ್ ಕೋಚ್ ಎನ್ನುತ್ತಾರೆ. ನಾನು ಕೆಲಸದ ಜೊತೆಗಾರ ಎನ್ನುತ್ತೇನೆ. ಇದು ಹೊಸ ಸಂಶೋಧನೆಯಲ್ಲ. ಅಮೆರಿಕದಲ್ಲಿ ಮಾರ್ಕ್ ಗೋಲ್ಡ್ ಎಂಬ ಸಂಶೋಧಕರು 1970ರ ದಶಕದಲ್ಲೇ, ಏನನ್ನೂ ಕಲಿಯಲಾರರು ಎಂದು ಬದಿಗಿಟ್ಟಿದ್ದ ಬೌದ್ಧಿಕ ವಿಕಲತೆಯುಳ್ಳವರಿಂದ ಸೈಕಲ್ ಬ್ರೇಕಿನ ಬಿಡಿಭಾಗಗಳ ಜೋಡಣೆಯನ್ನು ತಪ್ಪಿಲ್ಲದೆ ಮಾಡಿಸಿ ತೋರಿಸಿದರು. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುವುದೇ ಅವರ ದಾರಿಯಾಗಿತ್ತು. ಮುಂದಿನ ದಶಕದಲ್ಲಿ ಇದೇ ದಿಕ್ಕಿನಲ್ಲಿ, ವರ್ಷಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಕೆಲಸ ಹುಡುಕುವ ಬದಲು ಮೊದಲು ಕೆಲಸದ ಜಾಗಕ್ಕೆ ಸೇರಿಸಿ ಅಲ್ಲಿಯೇ ಕಲಿಸುವ ಪದ್ಧತಿ ಬಲಗೊಂಡಿತು. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತಿರುವುಮುರುವು. ತರಬೇತಿ ಮುಗಿಯುವುದೇ ಇಲ್ಲ, ಕೆಲಸ ಶುರುವಾಗುವುದೇ ಇಲ್ಲ.

ಸರ್ಕಾರಿ ಸೌಲಭ್ಯಗಳ ಬಾಗಿಲಿಗೆ ನಾನು ಹೋಗಿಲ್ಲವೆಂದು ತಾವು ಭಾವಿಸಬಾರದು. ಒಂದು ಸಾಧನ ಸಲಕರಣೆ ಶಿಬಿರದಲ್ಲಿ ಮೂರು ಗಂಟೆ ಸರದಿಯಲ್ಲಿ ನಿಂತೆವು. ತ್ರಿಚಕ್ರ ವಾಹನ, ಶ್ರವಣ ಸಾಧನ, ಊರುಗೋಲು, ಹೊಲಿಗೆ ಯಂತ್ರಗಳ ಪಟ್ಟಿ ಹಿಡಿದು ಕೂತಿದ್ದ ನೌಕರರು ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಕೈ ಕಾಲು ಸರಿಯಾಗಿದಾವಲ್ರೀ, ಇವರಿಗೆ ಕೊಡೋಕೆ ನಮ್ಮ ಪಟ್ಟಿಯಲ್ಲಿ ಏನೂ ಇಲ್ಲ" ಎಂದರು. ಅವರು ಹೇಳಿದ್ದು ನಿಜ, ಅದೇ ನನ್ನ ದೂರು. ಒಂದು ಉದ್ಯೋಗ ಮೇಳದಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳಿದರು. ಇಲ್ಲವೆಂದ ಮೇಲೆ ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ಸ್ವಯಂ ಉದ್ಯೋಗ ಸಾಲಕ್ಕೆಂದು ಒಂದು ಬ್ಯಾಂಕ್ ಶಾಖೆಗೆ ಹೋದಾಗ ಸಹಿಯ ಪ್ರಶ್ನೆ ಎದ್ದಿತು, ಕಾನೂನುಬದ್ಧ ಪಾಲಕತ್ವದ ಪತ್ರ ತನ್ನಿ ಎಂದರು. ಸಾಲ ಸಿಕ್ಕಿದ್ದರೂ ಅಂಗಡಿ ನಡೆಸುತ್ತಿದ್ದವನು ನಾನೇ, ಮಗನ ಹೆಸರು ಬೋರ್ಡಿನಲ್ಲಿ ಮಾತ್ರ ಇರುತ್ತಿತ್ತು.

ಕಾನೂನು ನಮ್ಮ ಪರವಾಗಿಯೇ ಇದೆ ಎಂಬುದು ಇದನ್ನೆಲ್ಲ ಇನ್ನಷ್ಟು ಕಹಿ ಮಾಡುತ್ತದೆ. 1995ರ ಕಾಯ್ದೆಯಲ್ಲಿ ಏಳೇ ವಿಕಲತೆಗಳಿದ್ದವು. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಅದರ 34ನೇ ಕಲಂ ಸರ್ಕಾರಿ ಹುದ್ದೆಗಳಲ್ಲಿ ಶೇ 4ರಷ್ಟು ಮೀಸಲಾತಿ ಕೊಟ್ಟು, ಅದರಲ್ಲಿ ಶೇ 1ನ್ನು ಆಟಿಸಂ, ಬೌದ್ಧಿಕ ವಿಕಲತೆ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ವಿಕಲತೆಯವರಿಗೆ ಒಟ್ಟಾಗಿ ಇಟ್ಟಿದೆ. ಸ್ಪರ್ಧಾತ್ಮಕ ಪರೀಕ್ಷೆಯ ಹಾಲ್ ಟಿಕೆಟ್ ಓದಲಾರದವನಿಗೆ ಆ ಒಂದು ಎಷ್ಟರಮಟ್ಟಿಗೆ ದಕ್ಕುತ್ತದೆ ಎಂಬುದನ್ನು ತಾವೇ ಊಹಿಸಬಹುದು. ನನಗೆ ಹೆಚ್ಚು ಮುಖ್ಯವೆನಿಸುವುದು, ಯಾರೂ ಅಷ್ಟಾಗಿ ಉಲ್ಲೇಖಿಸದ 19ನೇ ಕಲಂ. ಬೆಳವಣಿಗೆಯ, ಬೌದ್ಧಿಕ ಹಾಗೂ ಬಹುವಿಧ ವಿಕಲತೆ ಮತ್ತು ಆಟಿಸಂ ಇರುವವರಿಗೆ ಮಾರುಕಟ್ಟೆಯೊಂದಿಗೆ ನೇರ ನಂಟಿರುವ ಪ್ರತ್ಯೇಕ ಕೌಶಲ ತರಬೇತಿ ಇರಬೇಕು ಎಂದು ಅದು ಹೇಳುತ್ತದೆ. 'ಮಾರುಕಟ್ಟೆಯೊಂದಿಗೆ ನಂಟು' ಎಂಬ ಮಾತನ್ನು ಕಾಯ್ದೆ ಬರೆದವರು ಬೇಕೆಂದೇ ಹಾಕಿದ್ದಾರೆ. ನಮ್ಮಲ್ಲಿ ತರಬೇತಿ ಎಂದರೆ ಮೇಣದಬತ್ತಿ, ಕಾಗದದ ಲಕೋಟೆ, ದೀಪಾವಳಿಗೆ ಬಣ್ಣದ ಹಣತೆ. ಅವನ್ನು ವರ್ಷಕ್ಕೊಮ್ಮೆ ಕಾರ್ಯಕ್ರಮದ ವೇದಿಕೆಯ ಪಕ್ಕದ ಮೇಜಿನ ಮೇಲಿಟ್ಟರೆ, ಅತಿಥಿಗಳು ಮರುಕದಿಂದ ಎರಡು ಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಕರೆಂಟು ಹೋದರೆ ಜನ ಮೊಬೈಲ್ ಬೆಳಕು ಹಾಕುವ ಈ ಕಾಲದಲ್ಲಿ ಮೇಣದಬತ್ತಿಯನ್ನು ನಂಬಿ ಯಾರ ಹೊಟ್ಟೆ ತುಂಬೀತು?

ಅನುದಾನವಿಲ್ಲ ಎಂಬ ಉತ್ತರವನ್ನು ನಾನು ಹಲವು ಕಡೆ ಕೇಳಿದ್ದೇನೆ, ಆದರೆ ಈ ಜಿಲ್ಲೆಯ ಮಟ್ಟಿಗೆ ಅದನ್ನು ಒಪ್ಪುವುದು ಕಷ್ಟ. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳ ಬೆಟ್ಟಗಳಿಂದ ಕಬ್ಬಿಣದ ಅದಿರು ಹೋಗುತ್ತಿದೆ. 2015ರಿಂದ ಜಾರಿಯಲ್ಲಿರುವ ವ್ಯವಸ್ಥೆಯಂತೆ ಗಣಿ ಗುತ್ತಿಗೆದಾರರು ರಾಜಧನದ (ಅದಿರಿಗಾಗಿ ಸರ್ಕಾರಕ್ಕೆ ಕಟ್ಟುವ ಹಣ) ಮೇಲೆ, ಹಳೆಯ ಗುತ್ತಿಗೆಗಳಾದರೆ ಅದರ ಶೇ 30ರಷ್ಟು, ಹರಾಜಿನಲ್ಲಿ ಪಡೆದವಾದರೆ ಶೇ 10ರಷ್ಟು ಮೊತ್ತವನ್ನು, ಗಣಿಗಾರಿಕೆಯಿಂದ ಬಾಧಿತರಾದ ಜನರ ಹಿತಕ್ಕಾಗಿರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಆ ಹಣವನ್ನು ಯಾವುದಕ್ಕೆ ಆದ್ಯತೆಯಿಂದ ಖರ್ಚು ಮಾಡಬೇಕು ಎಂಬುದನ್ನು ಪ್ರಧಾನಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ: ಕುಡಿಯುವ ನೀರು, ಆರೋಗ್ಯ, ಶಿಕ್ಷಣದ ಸಾಲಿನಲ್ಲೇ ವೃದ್ಧರ ಮತ್ತು ಅಂಗವಿಕಲರ ಕಲ್ಯಾಣವಿದೆ, ಕೌಶಲ ಅಭಿವೃದ್ಧಿಯೂ ಇದೆ. ನಾನು ಕೇಳುತ್ತಿರುವುದು ಈ ಎರಡೂ ಸೇರುವ ಕೆಲಸ. ಅಲ್ಲದೆ ಗ್ರಾಮ ಪಂಚಾಯಿತಿ, ನಗರಸಭೆ, ಪುರಸಭೆಗಳಲ್ಲಿ ವಿಕಲಚೇತನರಿಗೆಂದೇ ಮೀಸಲಿಟ್ಟ ಶೇ 5ರ ನಿಧಿ ಇದೆ. ಅದರಿಂದ ವಾಹನ ಕೊಡುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ನಡೆಯಲಾರದವರಿಗೆ ಚಕ್ರ ಹೇಗೋ, ನನ್ನ ಮಗನಿಗೆ ಜೊತೆಗಾರ ಹಾಗೆ. ಸಾಧನವೆಂದರೆ ಕಬ್ಬಿಣದ್ದೇ ಆಗಿರಬೇಕೆಂದು ಯಾರು ಹೇಳಿದರು?

ಲೆಕ್ಕ ಹೇಳುವುದು ನನ್ನ ಹಳೆಯ ಚಟ. ಜಿಲ್ಲೆಯಲ್ಲಿ ಆರು ತಾಲ್ಲೂಕುಗಳಿವೆ. ತಾಲ್ಲೂಕಿಗೆ ಇಬ್ಬರಂತೆ ಹನ್ನೆರಡು ಜೊತೆಗಾರರನ್ನು ತಿಂಗಳಿಗೆ 20,000 ರೂಪಾಯಿ ಗೌರವಯುತ ಸಂಬಳ ಕೊಟ್ಟು ನೇಮಿಸಿದರೆ ವರ್ಷಕ್ಕೆ 28 ಲಕ್ಷ 80 ಸಾವಿರ ರೂಪಾಯಿ ಆಗುತ್ತದೆ. ಒಬ್ಬ ಜೊತೆಗಾರ ಒಬ್ಬರ ಜೊತೆ ಪೂರ್ಣಾವಧಿ ಒಂದು ತಿಂಗಳು ನಿಂತು, ಉಳಿದ ಸಮಯವನ್ನು ಹಿಂದಿನವರ ಭೇಟಿಗೆ ಇಟ್ಟರೂ ವರ್ಷಕ್ಕೆ ಆರು ಜನರನ್ನು ಕೆಲಸದಲ್ಲಿ ನೆಲೆ ನಿಲ್ಲಿಸಬಹುದು ಎಂದಿಟ್ಟುಕೊಳ್ಳೋಣ. ಅಂದರೆ 72 ಜನ, ತಲೆಗೆ 40,000 ರೂಪಾಯಿ. ಎಲ್ಲರೂ ನಿಲ್ಲಲಾರರು, ಅರ್ಧದಷ್ಟು ಜನ ಮನೆಗೆ ಮರಳಿದರೂ 36 ಮನೆಗಳಲ್ಲಿ ಬೆಳಿಗ್ಗೆ ಬುತ್ತಿ ಕಟ್ಟುವ ಕೆಲಸ ಹೊಸದಾಗಿ ಶುರುವಾಗುತ್ತದೆ.

ಕೆಲಸ ಎಲ್ಲಿದೆ ಎಂದು ತಾವು ಕೇಳಬಹುದು. ಅರಣ್ಯ ಮತ್ತು ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಸಸಿ ನೆಡುವ ಪಾಲಿಥೀನ್ ಚೀಲಗಳಿಗೆ ಮಣ್ಣು ತುಂಬುವ ಕೆಲಸವನ್ನು ನೋಡಿ: ಅದೇ ಅಳತೆ, ಅದೇ ಮಣ್ಣು, ಅದೇ ಚಲನೆ, ಸಾವಿರ ಸಲ. ನಮಗೆ ಬೇಸರ ತರಿಸುವ ಈ ಪುನರಾವರ್ತನೆಯೇ ಆಟಿಸಂ ಇರುವ ಎಷ್ಟೋ ಹುಡುಗರಿಗೆ ನೆಮ್ಮದಿ ಕೊಡುತ್ತದೆ. ಚಳ್ಳಕೆರೆಯ ಮಿಲ್ಲುಗಳಲ್ಲಿ ಶೇಂಗಾ ಬೀಜ ಆರಿಸುವುದಿದೆ. ಮೊಳಕಾಲ್ಮೂರಿನ ರೇಷ್ಮೆ ಮಗ್ಗಗಳಲ್ಲಿ ಕಂಡಿಕೆಗೆ ನೂಲು ಸುತ್ತುವುದಿದೆ. ಸರ್ಕಾರಿ ಕಚೇರಿಗಳಲ್ಲಿ ಕಡತಗಳನ್ನು ಸ್ಕ್ಯಾನ್ ಮಾಡಲು ಪಿನ್ನು ಬಿಚ್ಚಿ ಹಾಳೆ ಜೋಡಿಸಿ ಕೊಡುವುದಿದೆ, ಗ್ರಂಥಾಲಯಗಳಲ್ಲಿ ಪುಸ್ತಕದ ಬೆನ್ನಿನ ಅಂಕಿ ನೋಡಿ ಕಪಾಟಿನಲ್ಲಿಡುವುದಿದೆ, ಕ್ಯಾಂಟೀನುಗಳಿವೆ. ಕ್ಯಾಂಟೀನಿನ ಮಾತು ಬಂದಾಗ ಹುಬ್ಬಳ್ಳಿಯನ್ನು ನೆನೆಯಬೇಕು. ಬೌದ್ಧಿಕ, ದೈಹಿಕ ವಿಕಲತೆಯುಳ್ಳವರೇ ನಡೆಸುವ ಮಿಟ್ಟಿ ಕೆಫೆ 2017ರಲ್ಲಿ ಆರಂಭವಾದದ್ದು ಅಲ್ಲಿನ ಒಂದು ಕಾಲೇಜಿನ ಆವರಣದಲ್ಲಿ. 2023ರ ನವೆಂಬರಿನಲ್ಲಿ ಅದರ ಒಂದು ಶಾಖೆ ಸುಪ್ರೀಂ ಕೋರ್ಟಿನ ಆವರಣದಲ್ಲಿಯೇ ತೆರೆಯಿತು. ಹುಬ್ಬಳ್ಳಿಯಲ್ಲಿ ಹುಟ್ಟಿದ್ದು ದೆಹಲಿ ಮುಟ್ಟಲು ಆರು ವರ್ಷ ಸಾಕಾಯಿತು, ಚಿತ್ರದುರ್ಗಕ್ಕೆ ಮಾತ್ರ ಇನ್ನೂ ಬಸ್ಸು ಸಿಕ್ಕಿಲ್ಲ. ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳು ಕುಟುಂಬಶ್ರೀ ಎಂಬ ಮಹಿಳಾ ಸಂಘಗಳ ಜಾಲದ ಜೊತೆಗೂಡಿ ಬೌದ್ಧಿಕ ವಿಕಲತೆಯುಳ್ಳವರಿಗಾಗಿ ನಡೆಸುವ ಬಡ್ಸ್ ಕೇಂದ್ರಗಳು ಹದಿನೆಂಟು ದಾಟಿದವರನ್ನೂ ಸೇರಿಸಿಕೊಳ್ಳುತ್ತವೆ. ಪಂಚಾಯಿತಿಯೊಂದು ಇಂಥ ಹೊಣೆಯನ್ನು ಹೊರಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳಿವೆ. ಮೊದಲನೆಯದು ಕೂಲಿಯದು. 'ಪ್ರೋತ್ಸಾಹ ಧನ'ವೆಂದು ತಿಂಗಳಿಗೆ ಐದುನೂರು ಕೈಗಿಟ್ಟು ಎಂಟು ಗಂಟೆ ದುಡಿಸುವುದನ್ನು ಉದ್ಯೋಗವೆನ್ನಲಾಗದು. ಅರ್ಧ ದಿನ ದುಡಿದರೆ ಅರ್ಧ ದಿನದ ಕನಿಷ್ಠ ಕೂಲಿ ಸಿಗಲಿ, ಕಡಿಮೆ ಬೇಡ. ಎರಡನೆಯದು ಮಾಸಾಶನದ ಭಯ. ನಮ್ಮಂಥ ಎಷ್ಟೋ ಮನೆಗಳಲ್ಲಿ ತಾಯಂದಿರು ಮಕ್ಕಳನ್ನು ಕೆಲಸಕ್ಕೆ ಕಳಿಸಲು ಹಿಂಜರಿಯುವುದು ಮಕ್ಕಳ ಸಾಮರ್ಥ್ಯದ ಅನುಮಾನದಿಂದಲ್ಲ. ಸಂಬಳವೆಂದು ಎರಡು ತಿಂಗಳು ಬ್ಯಾಂಕಿಗೆ ಬಿದ್ದರೆ ಮಾಸಾಶನ ನಿಂತೀತು, ಆಮೇಲೆ ಕೆಲಸವೂ ಹೋದರೆ ಎರಡೂ ಇಲ್ಲದಂತಾದೀತು ಎಂಬ ಲೆಕ್ಕಾಚಾರದಿಂದ. ಆ ಲೆಕ್ಕಾಚಾರದಲ್ಲಿ ತಪ್ಪು ಹುಡುಕಲು ಗಣಿತದ ಮೇಷ್ಟ್ರಾದ ನನ್ನಿಂದಲೂ ಆಗಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇವು. ಜಿಲ್ಲಾ ಖನಿಜ ಪ್ರತಿಷ್ಠಾನದ ಮುಂದಿನ ವಾರ್ಷಿಕ ಯೋಜನೆಯಲ್ಲಿ ಕೆಲಸದ ಜೊತೆಗಾರರ ಸಂಬಳ, ಪ್ರಯಾಣ ಮತ್ತು ಹಲಗೆಯಂಥ ಸಣ್ಣಪುಟ್ಟ ಹೊಂದಾಣಿಕೆಗಳ ವೆಚ್ಚಕ್ಕೆಂದೇ ಒಂದು ಪ್ರತ್ಯೇಕ ಬಾಬ್ತು ತೆರೆಯುವಂತೆ ತಾವು ಪ್ರಸ್ತಾವ ಇಡಬೇಕು, ಮತ್ತು ಅದು ಒಂದು ವರ್ಷಕ್ಕೆ ಮುಗಿಯದೆ ಕನಿಷ್ಠ ಮೂರು ವರ್ಷದ ಭರವಸೆಯಾಗಿರಬೇಕು, ಏಕೆಂದರೆ ನಡುವೆ ಬಿಟ್ಟುಹೋಗುವ ಜೊತೆಗಾರ ಏನು ಮಾಡುತ್ತಾನೆಂಬುದನ್ನು ನಾನು ನೋಡಿದ್ದೇನೆ. ಜೊತೆಗಾರರ ತರಬೇತಿಯನ್ನು ದಾವಣಗೆರೆಯ ಸಂಯುಕ್ತ ಪ್ರಾದೇಶಿಕ ಕೇಂದ್ರದ ನೆರವಿನಿಂದ ನಡೆಸಬಹುದು. ಗ್ರಾಮ ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ಆಸಕ್ತಿ ಇರುವವರಿಗೆ, ಮೊದಲ ಆದ್ಯತೆ ಕೊಡಬಹುದು. ಮನೆ ಮನೆ ಬಲ್ಲವರು ಅವರೇ. ಆದರೆ ಈಗಿರುವ ಗೌರವಧನದಲ್ಲೇ ಈ ಹೊರೆಯನ್ನೂ ಹೊರಿಸಬೇಡಿ.

ಜಿಲ್ಲಾಧಿಕಾರಿ ಕಚೇರಿ ಸಂಕೀರ್ಣ, ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಕಚೇರಿಗಳ ಪೈಕಿ ಒಂದರಲ್ಲಾದರೂ ಒಂದು ಸಣ್ಣ ಕ್ಯಾಂಟೀನನ್ನು ನಮ್ಮ ಮಕ್ಕಳು ನಡೆಸಲು ಬಾಡಿಗೆಯಿಲ್ಲದೆ ಜಾಗ ಕೊಡಬೇಕು. ಖಾಸಗಿ ಉದ್ಯಮಿಗಳ ಒಟ್ಟು ಸಿಬ್ಬಂದಿಯಲ್ಲಿ ಶೇ 5ರಷ್ಟಾದರೂ ವಿಕಲಚೇತನರಿರುವಂತೆ ಪ್ರೋತ್ಸಾಹ ಕೊಡಬೇಕೆಂದು 35ನೇ ಕಲಂ ಹೇಳುತ್ತದೆ; ಮಿಲ್ಲು ಮಾಲೀಕರ, ವರ್ತಕರ ಒಂದು ಸಭೆಯನ್ನು ತಾವು ಕರೆದರೆ ಸಾಕು, ನನ್ನ ಹಳೆಯ ವಿದ್ಯಾರ್ಥಿಯಂಥವರು ಇನ್ನೂ ಹತ್ತು ಜನ ಎದ್ದು ನಿಲ್ಲುತ್ತಾರೆ ಎಂಬ ನಂಬಿಕೆ ನನಗಿದೆ. ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಮಾಸಾಶನಕ್ಕೆ ಧಕ್ಕೆಯಿಲ್ಲ ಎಂಬ ಲಿಖಿತ ಸ್ಪಷ್ಟನೆಯನ್ನು ಸರ್ಕಾರದಿಂದ ಕೇಳಿ ಪಡೆಯಬೇಕು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪಾಲಕತ್ವ ನೀಡುವ ಸ್ಥಳೀಯ ಮಟ್ಟದ ಸಮಿತಿಯಲ್ಲಿ ಜಿಲ್ಲಾಡಳಿತದ ಮುಖ್ಯಸ್ಥರೂ ಇರುತ್ತಾರೆ. ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾಯ್ದೆಯಲ್ಲೇ ಇದೆ. ಸಭೆಯ ದಿನಾಂಕಗಳನ್ನು ವರ್ಷದ ಆರಂಭದಲ್ಲೇ ಪ್ರಕಟಿಸಿದರೆ, ಹಿರಿಯೂರಿನ ಹಳ್ಳಿಯಿಂದ ಬರುವ ತಾಯಿಗೆ ಒಂದು ದಿನದ ಕೂಲಿ ಉಳಿಯುತ್ತದೆ. ಬ್ಯಾಂಕಿನವರು ಕೇಳುವುದು ಇದೇ ಪಾಲಕತ್ವದ ಪತ್ರವನ್ನು; ಬ್ಯಾಂಕ್ ಖಾತೆಯಿಲ್ಲದೆ ಸಂಬಳವೂ ಇಲ್ಲವಾದ್ದರಿಂದ ಇದೂ ಉದ್ಯೋಗದ ಪ್ರಶ್ನೆಯೇ.

ನನಗೀಗ 63. ನನ್ನ ಹೆಂಡತಿಗೆ ಮಂಡಿನೋವು. ನಮ್ಮ ನಂತರ ಇವನಿಗೆ ಯಾರು ಎಂದು ನೆಂಟರು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗೆ ತಾವು ಉತ್ತರ ಕೊಡಬೇಕೆಂದು ನಾನು ನಿರೀಕ್ಷಿಸುವುದಿಲ್ಲ. ನಾವಿರುವಾಗಲೇ ಅವನಿಗೊಂದು ಕೆಲಸ ಸಿಗಲಿ ಎಂಬಷ್ಟೇ ನನ್ನ ಕೋರಿಕೆ.

ಆ ಹನ್ನೆರಡು ಮನೆಯ ಹಲಗೆಯನ್ನು ಮಿಲ್ಲಿನವರು ಮಗನಿಗೇ ಕೊಟ್ಟು ಕಳಿಸಿದರು. ಅದು ಅವನ ಮಂಚದ ಕೆಳಗಿದೆ, ವಾರಕ್ಕೊಮ್ಮೆ ಒರೆಸಿ ಇಡುತ್ತಾನೆ. ತಾವು ಒಂದು ದಿನ, ಒಂದು ಸಮಯ ತಿಳಿಸಿದರೆ, ಇದೇ ಊರಿನ ಇನ್ನೂ ನಾಲ್ಕೈದು ಪೋಷಕರೊಂದಿಗೆ ನಾನು ಮತ್ತು ಮಗ ತಮ್ಮ ಕಚೇರಿಗೆ ಬರುತ್ತೇವೆ. ಹಲಗೆಯನ್ನೂ ತರುತ್ತೇವೆ. ಅದರ ಮೇಲೆ ಅವನು ಕೆಲಸ ಮಾಡಿ ತೋರಿಸಲು ಹತ್ತು ನಿಮಿಷ ಸಾಕು.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ,
ಚಿತ್ರದುರ್ಗ